ಹಾಡಿನ ಪಹಣಿ ಯಾರ ಹೆಸರಲ್ಲಿದೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಭೂಮಿ, ಮೀಸಲಾತಿ, ದೌರ್ಜನ್ಯ ಇವುಗಳ ಬಗ್ಗೆ ಎಲ್ಲ ಶಿಬಿರಗಳಲ್ಲೂ ಮಾತಾಡುತ್ತೇವೆ. ಇವತ್ತು ನಮಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ದೊಡ್ಡದು: 'ಸಾಂಸ್ಕೃತಿಕ ಮತ್ತು ಸೃಜನಶೀಲ ಉದ್ದಿಮೆಗಳ ಭವಿಷ್ಯ'. ಕೇಳಿದ ತಕ್ಷಣ, ಇದು ತಂಪು ಕೋಣೆಯಲ್ಲಿ ಕೂತು ಮಿನರಲ್ ವಾಟರ್ ಕುಡಿಯೋರ ವಿಷಯ, ಹಾಸ್ಟೆಲಿನ ನೀರು ಸಾರಿಗೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಆದರೆ ಈ ಹೆಸರಿನ ಒಳಗೆ ಏನೇನಿದೆ ಅಂತ ಬಿಚ್ಚಿ ನೋಡಿ. ಹಾಡು, ಕುಣಿತ, ವಾದ್ಯ, ಸಿನಿಮಾ, ನಾಟಕ, ಕಸೂತಿ, ಚರ್ಮದ ಕೆಲಸ, ಗೊಂಬೆಯಾಟ, ಕಥೆ ಹೇಳೋದು, ಪುಸ್ತಕ, ಜಾಹೀರಾತು, ಕಂಪ್ಯೂಟರ್ ಆಟ. ಇದರಲ್ಲಿ ಅರ್ಧಕ್ಕರ್ಧ ನಮ್ಮ ಅಪ್ಪ ಅವ್ವಂದಿರ ಕೈಯಲ್ಲಿ, ಗಂಟಲಲ್ಲಿ ಇದ್ದದ್ದು. ಊರು ಇದನ್ನು ಇಷ್ಟು ದಿನ 'ಕಸುಬು' ಅಂತ ಕರೆದು ಮೂಗು ಮುಚ್ಚಿಕೊಳ್ಳುತ್ತಿತ್ತು. ಈಗ ಅದಕ್ಕೆ 'ಉದ್ದಿಮೆ' ಅಂತ ಹೊಸ ಹೆಸರು ಬಂದಿದೆ. ಹೆಸರು ಬದಲಾದಾಗಲೆಲ್ಲ ನಾವು ಎಚ್ಚರವಾಗಬೇಕು. ಯಾಕಂದರೆ ಹೆಸರು ಬದಲಾಗುವ ಹೊತ್ತಿನಲ್ಲೇ ಪಹಣಿಯೂ ಬದಲಾಗುತ್ತದೆ.

ವಿಶ್ವಸಂಸ್ಥೆ 2021ನೇ ಇಸವಿಯನ್ನು ಸೃಜನಶೀಲ ಆರ್ಥಿಕತೆಯ ಅಂತಾರಾಷ್ಟ್ರೀಯ ವರ್ಷ ಅಂತ ಘೋಷಿಸಿತ್ತು. 2025ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ದೊಡ್ಡ ಜಾತ್ರೆ ಮಾಡಿತು. ಪ್ರಧಾನಿಗಳು ಅಲ್ಲಿ ಇದನ್ನು 'ಕಿತ್ತಳೆ ಆರ್ಥಿಕತೆ' ಅಂತ ಕರೆದರು. ನಮ್ಮ ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. ಆನಿಮೇಶನ್, ಗೇಮಿಂಗ್ ಮುಂತಾದವಕ್ಕೆ 2012ರಲ್ಲೇ ನೀತಿ ಮಾಡಿತ್ತು, 2024ರಲ್ಲಿ ಮತ್ತೊಂದು ಮಾಡಿತು. ಒಳ್ಳೆಯದೇ. ಆದರೆ ಕಿತ್ತಳೆಯ ತೊಳೆ ಯಾರಿಗೆ, ಸಿಪ್ಪೆ ಯಾರಿಗೆ ಅನ್ನೋದನ್ನ ಯಾವ ವೇದಿಕೆಯೂ ಹೇಳುವುದಿಲ್ಲ. ಅದನ್ನು ಕೇಳೋದು ನಮ್ಮ ಕೆಲಸ.

ಮೊದಲು ದೂರದ ಒಂದು ಕತೆ ಹೇಳುತ್ತೇವೆ. ದಕ್ಷಿಣ ಆಫ್ರಿಕಾದಲ್ಲಿ ಸಾಲೊಮನ್ ಲಿಂಡಾ ಅಂತ ಒಬ್ಬ ಜೂಲು ಹಾಡುಗಾರ. ಓದು ಬರಹ ಬಾರದವನು. ಜೋಹಾನ್ಸ್‌ಬರ್ಗ್‌ನ ಒಂದು ರೆಕಾರ್ಡು ಕಂಪೆನಿಯಲ್ಲಿ ಕೂಲಿ. 1939ರಲ್ಲಿ ಅದೇ ಕಂಪೆನಿಯ ಸ್ಟುಡಿಯೋದಲ್ಲಿ ಗೆಳೆಯರ ಜೊತೆ ನಿಂತು 'ಎಂಬೂಬೆ' ಅಂತ ಒಂದು ಹಾಡು ಹಾಡಿದ. ಎಂಬೂಬೆ ಅಂದರೆ ಸಿಂಹ. ಅದರ ಹಕ್ಕಿಗೆ ಅವನಿಗೆ ಸಿಕ್ಕಿದ್ದು 10 ಶಿಲಿಂಗ್. ಹಾಡು ಅಮೆರಿಕಕ್ಕೆ ಹೋಯಿತು. ಅಲ್ಲಿ ಬಿಳಿಯರು ಹಾಡಿದರು. 1961ರಲ್ಲಿ ಹೊಸ ಇಂಗ್ಲಿಷ್ ಮಾತು ತೊಡಿಸಿ ಮತ್ತೆ ಹಾಡಿದರು, ಲೋಕವೆಲ್ಲ ಕುಣಿಯಿತು. 1994ರಲ್ಲಿ ಡಿಸ್ನಿ ಕಂಪೆನಿ ತನ್ನ ಸಿಂಹದ ಸಿನಿಮಾದಲ್ಲಿ ಅದನ್ನು ಬಳಸಿತು. ಲಿಂಡಾ 1962ರಲ್ಲೇ ಸತ್ತಿದ್ದ. ಸಮಾಧಿಗೆ ಒಂದು ಕಲ್ಲು ನೆಡಿಸಲು ಹೆಂಡತಿಯ ಹತ್ತಿರ ಕಾಸಿರಲಿಲ್ಲ. ಹೆಣ್ಣುಮಕ್ಕಳು ಬಡತನದಲ್ಲೇ ಬೆಳೆದರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾವು ಇದನ್ನು ಹೇಳುತ್ತಲೇ ಇರಲಿಲ್ಲ. ಅಳೋದಕ್ಕೆ ನಮ್ಮ ಕೇರಿಯಲ್ಲೇ ಬೇಕಾದಷ್ಟಿದೆ. ಮುಂದೆ ಆದದ್ದು ಮುಖ್ಯ. ಬ್ರಿಟಿಷರು 1911ರಲ್ಲಿ ಮಾಡಿದ್ದ ಕೃತಿಸ್ವಾಮ್ಯದ ಕಾಯ್ದೆಯಲ್ಲಿ ಒಂದು ಮಾತಿತ್ತು. ಕೃತಿಕಾರ ಬದುಕಿದ್ದಾಗ ಹಕ್ಕನ್ನು ಮಾರಿದ್ದರೂ, ಅವನು ಸತ್ತು 25 ವರ್ಷ ಆದಮೇಲೆ ಆ ಹಕ್ಕು ವಾರಸುದಾರರಿಗೆ ವಾಪಸು ಬರಬೇಕು ಅಂತ. ಯಾರೋ ಒಬ್ಬ ವಕೀಲ ಆ ಹಳೇ ಕಾಯ್ದೆಯ ಧೂಳು ಕೊಡವಿ ಓದಿದ. 2004ರಲ್ಲಿ ಡಿಸ್ನಿಯ ಮೇಲೆ ದಾವೆ ಬಿತ್ತು. 2006ರಲ್ಲಿ ರಾಜಿಯಾಗಿ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು, ಹಾಡಿನ ಮೇಲೆ ಅಪ್ಪನ ಹೆಸರು ಬಂತು.

ಇದನ್ನು ಕೇಳುವಾಗ ನಿಮಗೆ ನಮ್ಮದೇ ಒಂದು ಕಾಯ್ದೆ ನೆನಪಾಗಬೇಕು. ಪಿಟಿಸಿಎಲ್. 1978ರ ಕಾಯ್ದೆ. ಸರ್ಕಾರ ನಮ್ಮ ತಾತಂದಿರಿಗೆ ಕೊಟ್ಟ ಜಮೀನನ್ನು ಸಾಲಕ್ಕೋ, ಸಾರಾಯಿಗೋ, ಮಗಳ ಮದುವೆಗೋ ಯಾರಾದರೂ ಬರೆಸಿಕೊಂಡಿದ್ದರೆ, ಹೆಬ್ಬೆಟ್ಟು ಒತ್ತಿದ್ದರೂ ಅದು ಊರ್ಜಿತ ಅಲ್ಲ, ಜಮೀನು ವಾಪಸು ಬರಬೇಕು ಅನ್ನೋದು ಅದರ ತಿರುಳು. ಕೋರ್ಟುಗಳು 'ನೀವು ತಡವಾಗಿ ಬಂದಿರಿ' ಅಂದಾಗ, ಜನ ಬೀದಿಯಲ್ಲಿ ಕೂತು, 2023ರಲ್ಲಿ ಅದಕ್ಕೆ ತಿದ್ದುಪಡಿ ತರಿಸಬೇಕಾಯಿತು. ಬಡವನ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಹಸಿವಿನ ಗುರುತು. ಇದನ್ನು ಭೂಮಿಯ ವಿಷಯದಲ್ಲಿ ಕಾನೂನು ಒಪ್ಪಿದೆ. ಹಾಡಿನ ವಿಷಯದಲ್ಲಿ, ವಾದ್ಯದ ವಿಷಯದಲ್ಲಿ, ಕಸುಬಿನ ವಿಷಯದಲ್ಲಿ ಯಾಕೆ ಒಪ್ಪಬಾರದು? ನಮ್ಮ ಇಡೀ ಮಾತಿನ ಗಂಟು ಇಷ್ಟೇ.

ಈಗ ನಮ್ಮ ಕಾಲಿನ ಹತ್ತಿರ ಬರೋಣ. ಚಪ್ಪಲಿ.

ಕೊಲ್ಹಾಪುರಿ ಚಪ್ಪಲಿ ಅಂದರೆ ಎಲ್ಲರೂ ಮಹಾರಾಷ್ಟ್ರದ್ದು ಅಂದುಕೊಂಡಿದ್ದಾರೆ. ಆದರೆ ಅಥಣಿ, ನಿಪ್ಪಾಣಿ ಕಡೆ ಹೋಗಿ ನೋಡಿ. ಸಮಗಾರರ, ಡೋರರ ಮನೆಗಳಲ್ಲಿ ತಲೆಮಾರುಗಳಿಂದ ಇದೇ ಕೆಲಸ. ಎಮ್ಮೆ ಕೋಣಗಳ ತೊಗಲನ್ನು ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ಹದ ಮಾಡಬೇಕು. ಒಂದು ಮೊಳೆಯೂ ಇಲ್ಲದೆ ಬರೀ ತೊಗಲಿನ ದಾರದಲ್ಲಿ ಹೊಲಿಯಬೇಕು. ಉಂಗುಷ್ಟದ, ಪಟ್ಟಿಯ ಮೇಲಿನ ಹೆಣಿಗೆ ನಾಜೂಕು ಕೆಲಸ ಬಹುಪಾಲು ಹೆಂಗಸರದ್ದು. ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಅಂದರೆ ಜಿಐ ಗುರುತು ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಸೇರಿ. ಗುರುತಿನ ಒಡೆತನ ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳದ್ದು. ನಮ್ಮ ಕಡೆ ಲಿಡ್ಕರ್, ಅವರ ಕಡೆ ಲಿಡ್ಕಾಂ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಅನ್ನೋ ಕಂಪೆನಿಯ ಗಂಡಸರ ಬಟ್ಟೆಗಳ ಪ್ರದರ್ಶನ. ಅದರಲ್ಲಿ ಹುಡುಗರು ಮೆಟ್ಟಿಕೊಂಡು ನಡೆದದ್ದು ಇದೇ ಚಪ್ಪಲಿ. ಕಂಪೆನಿ ಅದನ್ನು ಚರ್ಮದ ಚಪ್ಪಲಿ ಅಂತಷ್ಟೇ ಕರೆಯಿತು. ಯಾವ ಊರಿನದು, ಯಾರ ಕೈಯದು ಅಂತ ಒಂದಕ್ಷರ ಇಲ್ಲ. ಇಲ್ಲಿ ಗದ್ದಲ ಎದ್ದಮೇಲೆ, ಹೌದು, ಇದು ಭಾರತದ ಕುಶಲಕರ್ಮಿಗಳ ಪರಂಪರೆಯಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡರು. ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅರ್ಜಿ ಹಾಕಿದವರು ಆ ಗುರುತಿನ ನೋಂದಾಯಿತ ಒಡೆಯರಲ್ಲ ಅಂತ ಕೋರ್ಟು ಅದನ್ನು ವಜಾ ಮಾಡಿತು. ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಯಾರ ಹೆಸರು ದಾಖಲೆಯಲ್ಲಿದೆಯೋ ಅವರ ಮಾತು ಮಾತ್ರ ಕೋರ್ಟಿಗೆ ಕೇಳಿಸುತ್ತದೆ.

ಆಮೇಲೆ 2025ರ ಡಿಸೆಂಬರ್‌ನಲ್ಲಿ ಅದೇ ಕಂಪೆನಿ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. 2,000 ಜೋಡಿ ಚಪ್ಪಲಿಯನ್ನು ಇಲ್ಲೇ ಮಾಡಿಸಿ, ಜೋಡಿಗೆ ಸುಮಾರು 800 ಯೂರೋಗೆ ಮಾರುವುದು ಅಂತ. ಕುಶಲಕರ್ಮಿಗಳಿಗೆ ತರಬೇತಿ ಕೊಡುವ ಮಾತೂ ಇದೆ. ಇದು ಸೋಲಲ್ಲ, ಗದ್ದಲ ಮಾಡಿದ್ದಕ್ಕೆ ಸಿಕ್ಕ ಗೆಲುವೇ. ಆದರೂ ಲೆಕ್ಕ ಹಾಕೋಣ. ಹಾಸ್ಟೆಲಿನ ಹುಡುಗರು ಗಣಿತಕ್ಕೆ ಹೆದರಬಾರದು. 2,000 ಜೋಡಿಗೆ 800 ಯೂರೋ ಅಂದರೆ 16 ಲಕ್ಷ ಯೂರೋ. ನಮ್ಮ ರೂಪಾಯಿಯಲ್ಲಿ ಹದಿನಾರು ಕೋಟಿಗೂ ಮೇಲೆ. ಇದರಲ್ಲಿ ತೊಗಲು ಹದ ಮಾಡಿದವನಿಗೆ ಎಷ್ಟು, ಹೆಣಿಗೆ ಹಾಕಿದ ಅವ್ವನಿಗೆ ಎಷ್ಟು? ಒಪ್ಪಂದಕ್ಕೆ ಸಹಿ ಹಾಕಿದ ಮೇಜಿನ ಸುತ್ತ ಕೂತಿದ್ದವರು ಯಾರು? ನಿಗಮ ನಮ್ಮ ಪರವಾಗಿ ಒಡೆಯ ಸರಿ. ಆದರೆ ಪರವಾಗಿ ಒಡೆಯನಾದವನು ತಾನೇ ಒಡೆಯ ಅಂದುಕೊಳ್ಳಲು ಎಷ್ಟು ದಿನ ಬೇಕು? ಶಾನುಭೋಗರ ಕಾಲದಿಂದ ನಾವು ಇದನ್ನು ನೋಡುತ್ತಲೇ ಬಂದಿಲ್ಲವೆ?

ಇಲ್ಲಿ ಒಂದು ದಾರಿಯಿದೆ. ಜಿಐ ಕಾಯ್ದೆಯಲ್ಲಿ ಒಡೆಯರ ಪಟ್ಟಿಯ ಜೊತೆಗೆ 'ಅಧಿಕೃತ ಬಳಕೆದಾರ' ಅಂತ ಇನ್ನೊಂದು ಪಟ್ಟಿಯಿದೆ. ಆ ವಸ್ತುವನ್ನು ಮಾಡುವ ಯಾವ ಮನುಷ್ಯನಾದರೂ ಅರ್ಜಿ ಹಾಕಿ ಅದರಲ್ಲಿ ಹೆಸರು ಬರೆಸಬಹುದು. ಆ ಕಡೆಯಿಂದ ಬಂದ ವಿದ್ಯಾರ್ಥಿಗಳು ಇಲ್ಲಿದ್ದರೆ, ನಿಮ್ಮ ಓಣಿಯಲ್ಲಿ ಎಷ್ಟು ಮನೆಯವರ ಹೆಸರು ಆ ಪಟ್ಟಿಯಲ್ಲಿದೆ ಅಂತ ಕೇಳಿ ನೋಡಿ. ಪಿಯುಸಿ ಓದಿದ ಒಬ್ಬ ಹುಡುಗಿ ಒಂದು ವಾರ ಕೂತರೆ ಇಡೀ ಓಣಿಯ ಅರ್ಜಿ ತುಂಬಬಹುದು. ಭಾಷಣಕ್ಕಿಂತ ದೊಡ್ಡ ಕೆಲಸ ಅದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಒಂದು ಕಡೆ ಚರ್ಮದ ಕಲೆ ದೇಶದ ಹೆಮ್ಮೆ ಅಂತಾರೆ. ಇನ್ನೊಂದು ಕಡೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹಸು ಎತ್ತುಗಳ ಜೊತೆಗೆ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ ಕೋಣಗಳನ್ನೂ ನಿಷೇಧದ ಒಳಗೆ ಸೇರಿಸಿತು. ಮಹಾರಾಷ್ಟ್ರದಲ್ಲಿ 2015ರಲ್ಲೇ ನಿಷೇಧ ಬಿಗಿಯಾಯಿತು. ತೊಗಲು ಸಾಗಿಸುವವನು ರಸ್ತೆಯಲ್ಲಿ ಯಾರ ಕೈಗೆ ಸಿಕ್ಕಿಬೀಳುತ್ತೇನೋ ಅಂತ ಹೆದರಬೇಕಾದ ಕಾಲದಲ್ಲಿ, ತೊಗಲಿನ ಕಲೆ ಉಳಿಯಲಿ ಅಂತ ಭಾಷಣ ಮಾಡುವುದು ಬಾವಿಗೆ ಬೀಗ ಹಾಕಿ ಬಿಂದಿಗೆ ಹಂಚಿದ ಹಾಗೆ.

ಈಗ ಬಹಳ ಕಷ್ಟದ ಪ್ರಶ್ನೆಗೆ ಬರುತ್ತೇವೆ. ತಮಟೆ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಗೋಡೆಗೆ ತಮಟೆ ತೂಗುಹಾಕಿರುತ್ತಾರೆ. ಕೆಲವರು ಹಲಗೆ ಅಂತೀರಿ, ಕೆಲವರು ತಪ್ಪಟೆ ಅಂತೀರಿ. ಹಾಸ್ಟೆಲಿಗೆ ಬಂದ ಮೇಲೆ 'ನಿಮ್ಮಪ್ಪ ಏನ್ ಮಾಡ್ತಾರೆ' ಅಂದರೆ 'ಕೂಲಿ' ಅಂತೀರೇ ಹೊರತು 'ತಮಟೆ ಬಡೀತಾರೆ' ಅನ್ನಲ್ಲ. ಇದು ನಿಮ್ಮ ತಪ್ಪಲ್ಲ. ತಮಟೆಯ ಮೇಲೆ ಬಿದ್ದಿರುವುದು ಬರೀ ಕೋಲಲ್ಲ. ಊರಿನಲ್ಲಿ ಹೆಣ ಬಿದ್ದರೆ ಬಡಿ, ಮಾರಮ್ಮನ ಹಬ್ಬಕ್ಕೆ ಬಡಿ, ದಂಡೋರ ಸಾರು, ಆಮೇಲೆ ದೂರ ನಿಂತು ಸೆರಗಿಗೆ ಹಾಕಿದ ಅನ್ನ ತಗೊಂಡು ಹೋಗು. ತೋಟಿ ತಳವಾರಿಕೆಯಂಥ ಗ್ರಾಮ ಚಾಕರಿಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಬಿಟ್ಟಿ ಚಾಕರಿ ಮಾಡಿಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆದರೂ ಊರಿನ ಬಾಯಲ್ಲಿ ಆ ಕಾಯ್ದೆಗಳು ಇನ್ನೂ ಜಾರಿಯಾಗಿಲ್ಲ. ಅದಕ್ಕೇ ನಮ್ಮ ಹಿರಿಯರಲ್ಲಿ ಎಷ್ಟೋ ಜನ ತಮಟೆಯನ್ನು ಬೆಂಕಿಗೆ ಹಾಕಿ ಅಂದರು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನ ಹೊರುವುದನ್ನು ಬಿಡಿ ಅಂದಾಗ ಅದರ ಹಿಂದೆ ಇದ್ದದ್ದು ಇದೇ ಸ್ವಾಭಿಮಾನ. ಆ ಮಾತನ್ನು ಯಾರೂ ಹಗುರವಾಗಿ ತಗೋಬಾರದು.

ಆದರೆ ಈಗ ಏನಾಗುತ್ತಿದೆ ನೋಡಿ. ನಾವು ಕೆಳಗಿಟ್ಟ ತಮಟೆಯನ್ನು ನಗರದ ಕಾಲೇಜುಗಳು ಎತ್ತಿಕೊಂಡಿವೆ. ಫಿಟ್‌ನೆಸ್ಸಿಗೆ ತಮಟೆ, ಮದುವೆ ಮೆರವಣಿಗೆಗೆ ತಮಟೆ, ಸಿನಿಮಾದ ಹೀರೋ ಬರುವಾಗ ತಮಟೆ, ಗಣಪತಿ ಬಿಡುವಾಗ ತಮಟೆ. ಚರ್ಮದ ಬದಲು ಫೈಬರ್ ಹೊದಿಸಿದ ತಮಟೆಗಳು ಬಂದಿವೆ. ಅವಕ್ಕೆ ಬೆಂಕಿ ಕಾಯಿಸುವ ಹಂಗಿಲ್ಲ, ಮಳೆಗೆ ಸಡಿಲವಾಗುವ ಹಂಗಿಲ್ಲ. ಮುಟ್ಟಿದರೆ ಮೈಲಿಗೆಯೂ ಇಲ್ಲ! ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಬಂತು. ತಮಿಳುನಾಡಿನ ಪರೈ ವಾದ್ಯದ ವೇಲು ಆಸಾನ್ ಅವರಿಗೂ ಅದೇ ವರ್ಷ ಬಂತು. ನಮಗೆ ಸಂತೋಷ. ಆದರೆ ಪದಕ ಬೀಳುವುದು ಒಂದು ಎದೆಯ ಮೇಲೆ. ಅದೇ ವಾದ್ಯ ನುಡಿಸುವ ಉಳಿದ ಕೇರಿ ಹಾಗೇ ಇರುತ್ತದೆ.

ಹಾಗಾದರೆ ತಮಟೆಯನ್ನು ಬಿಸಾಡಬೇಕೋ ಇಟ್ಟುಕೊಳ್ಳಬೇಕೋ? ನಮ್ಮ ಉತ್ತರ ಇದು. ಬಿಸಾಡಬೇಕಾದ್ದು ತಮಟೆಯನ್ನಲ್ಲ, ತಮಟೆಯ ಮೇಲಿನ ಅಪ್ಪಣೆಯನ್ನು. 'ಬಾರೋ, ಬಡಿ' ಅಂದ ಕಡೆ ಹೋಗೋದಿಲ್ಲ. ಹೆಣದ ಮುಂದೆ ಬಿಟ್ಟಿ ಬಡಿಯೋದಿಲ್ಲ. ಬಡಿಸಬೇಕಾದರೆ ಮೊದಲೇ ದರ ಮಾತಾಡಬೇಕು, ಕೂರಲು ಕುರ್ಚಿ ಕೊಡಬೇಕು, ಎಲ್ಲರ ಸಾಲಿನಲ್ಲಿ ಊಟ ಹಾಕಬೇಕು, ಪತ್ರಿಕೆಯಲ್ಲಿ ಹೆಸರು ಅಚ್ಚು ಹಾಕಬೇಕು. ಬೇಡ ಅನ್ನೋ ಹಕ್ಕು ಇದ್ದವನದ್ದು ಮಾತ್ರ ಕಲೆ. ಬೇಡ ಅನ್ನೋ ಹಕ್ಕು ಇಲ್ಲದವನದ್ದು ಚಾಕರಿ. ತಮಟೆ ಕಲಿಯದೆ ಇಂಜಿನಿಯರ್ ಆಗುತ್ತೇನೆ ಅನ್ನೋ ಹುಡುಗನಿಗೆ ಪೂರ್ತಿ ಹಕ್ಕಿದೆ. ಅವನಿಗೆ 'ನಿಮ್ಮ ಪರಂಪರೆ ಉಳಿಸ್ರಪ್ಪ' ಅಂತ ಉಪದೇಶ ಮಾಡುವವರು ಮೊದಲು ತಮ್ಮ ಮಕ್ಕಳನ್ನು ನಮ್ಮ ಕೇರಿಗೆ ತಮಟೆ ಕಲಿಯಲು ಕಳಿಸಲಿ.

ಇನ್ನು ಹಾಡಿನ ಮಾತು.

ನಾಟಿ ಮಾಡುವಾಗ, ಕಳೆ ಕೀಳುವಾಗ, ಬೀಸುವಾಗ ನಮ್ಮ ಅವ್ವಂದಿರು ಹಾಡಿದ್ದನ್ನು ವಿದ್ವಾಂಸರು ಬರಕೊಂಡು ಹೋದರು. ಪುಸ್ತಕ ಆಯಿತು, ಪಿಎಚ್‌ಡಿ ಆಯಿತು, ಸಂಬಳ ಬಡ್ತಿ ಆಯಿತು. ಮುಖಪುಟದಲ್ಲಿ ಸಂಗ್ರಾಹಕರ ಹೆಸರು. ಹಾಡಿದವಳ ಹೆಸರು ಒಳಗೆಲ್ಲೋ ಸಣ್ಣ ಅಕ್ಷರದಲ್ಲಿ, ಎಷ್ಟೋ ಕಡೆ ಅದೂ ಇಲ್ಲ. ಪ್ರೀತಿಯಿಂದ, ಪ್ರಾಮಾಣಿಕವಾಗಿ ಹೆಸರು ಬರೆದವರೂ ಇದ್ದಾರೆ, ಅವರನ್ನು ನೆನೆಯೋಣ. ಆದರೆ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ ಒಬ್ಬ ಕರ್ತೃ ಬೇಕು. 'ಜಾನಪದ' ಅಂದ ತಕ್ಷಣ ಕರ್ತೃ ಇಲ್ಲ ಅಂತಾಯ್ತು. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ, ಯಾರದ್ದೂ ಅಲ್ಲ ಅಂದರೆ ಮೊದಲು ಬಂದು ಬೇಲಿ ಹಾಕಿದವನದ್ದು. ಗೋಮಾಳ ಹೋದದ್ದು ಹೀಗೇ ಅಲ್ಲವೆ? ಹಾಡುಗಳ ಸಂಗ್ರಹಕ್ಕೆ ಸಂಗ್ರಾಹಕರ ಜೀವಮಾನ, ಆಮೇಲೆ 60 ವರ್ಷ ಹಕ್ಕು. ಹಾಡಿದವಳಿಗೆ ಒಂದು ಲೋಟ ಕಾಫಿ.

ಆದರೆ ಅದೇ ಕಾಯ್ದೆಯಲ್ಲಿ ನಮ್ಮ ಪಾಲಿನ ಒಂದು ತುಂಡೂ ಇದೆ. ನಾವು ಅದನ್ನು ಓದಿಲ್ಲ ಅಷ್ಟೆ. 1994ರ ತಿದ್ದುಪಡಿಯಲ್ಲಿ 'ಪ್ರದರ್ಶಕರ ಹಕ್ಕು' ಅಂತ ಬಂತು. ಹಾಡುಗಾರ, ವಾದ್ಯಗಾರ, ಕುಣಿಯುವವನು, ದೊಂಬರಾಟದವನು, ಹಾವಾಡಿಗನ ತನಕ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಹಾಡು ಯಾರದ್ದೇ ಇರಲಿ, ಆ ದಿನ ಆ ಗಂಟಲಿನಿಂದ ಬಂದ ಹಾಡಿಕೆಯ ಮೇಲೆ ಆ ಗಂಟಲಿನವಳಿಗೆ 50 ವರ್ಷ ಹಕ್ಕಿದೆ. ಕೇಳದೆ ರೆಕಾರ್ಡು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ತಾನೇ ಹಾಡಿದ್ದು ಅಂತ ಹೆಸರು ಹಾಕಿಸುವ ಹಕ್ಕು, ಹಾಡಿದ್ದನ್ನು ಮಾನ ಹೋಗುವ ಹಾಗೆ ತಿರುಚಿದರೆ ತಡೆಯುವ ಹಕ್ಕು, ವ್ಯಾಪಾರಕ್ಕೆ ಬಳಸಿದರೆ ರಾಯಧನದ ಹಕ್ಕು. ಮೊಬೈಲು ಹಿಡಿದು ನಮ್ಮ ಕೇರಿಗೆ ಬಂದು, ಅಜ್ಜಿಯ ಹಾಡು ಹಿಡಕೊಂಡು ಹೋಗಿ ತಮ್ಮ ಚಾನೆಲ್‌ನಲ್ಲಿ ಹಾಕುವವರಿಗೆ ಈ ವಿಷಯ ಗೊತ್ತಿಲ್ಲ. ನಮಗೆ ಗೊತ್ತಿಲ್ಲದಿರುವುದು ಅವರಿಗೆ ಚೆನ್ನಾಗಿ ಗೊತ್ತಿದೆ.

ಓದಿದವರಿಗೆ, ಹೆಸರು ಮಾಡಿದವರಿಗೆ ಈ ಕಷ್ಟ ಇಲ್ಲ ಅಂದುಕೊಳ್ಳಬೇಡಿ. 2021ರಲ್ಲಿ ತಮಿಳಿನಲ್ಲಿ 'ಎಂಜಾಯ್ ಎಂಜಾಮಿ' ಅಂತ ಹಾಡು ಬಂತು. ಅರಿವು ಅನ್ನೋ ದಲಿತ ಯುವಕ, ಟೀ ತೋಟದಲ್ಲಿ ದುಡಿದ ತನ್ನ ಅಜ್ಜಿಯ ನೆನಪನ್ನು ಇಟ್ಟುಕೊಂಡು ಮಾತು ಬರೆದು ಹಾಡಿದ. ಕೋಟಿಗಟ್ಟಲೆ ಜನ ಕೇಳಿದರು. ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆ ಮುಖಪುಟದಲ್ಲಿ ಬೇರೆಯವರ ಚಿತ್ರ ಹಾಕಿತು, ಅರಿವು ಇರಲಿಲ್ಲ. ಜನ ಉಗಿದ ಮೇಲೆ ಅವನಿಗೂ ಬೇರೆ ಮುಖಪುಟ ಸಿಕ್ಕಿತು. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಇತ್ತು, ಅರಿವು ಇರಲಿಲ್ಲ. 2024ರಲ್ಲಿ ಆ ಹಾಡಿನ ಸಂಗೀತ ನಿರ್ದೇಶಕರೇ ಮುಂದೆ ಬಂದು, ಈ ಹಾಡಿನಿಂದ ನಮಗೆ ಯಾರಿಗೂ ಒಂದು ಕಾಸೂ ಬಂದಿಲ್ಲ ಅಂದರು. ಅವರವರ ಪಾಲು ಎಷ್ಟು ಅನ್ನುವ ಜಗಳದಲ್ಲಿ ನಾವು ತೀರ್ಪು ಕೊಡೋದಿಲ್ಲ. ನಾವು ಕಲಿಯಬೇಕಾದ್ದು ಇಷ್ಟು: ಹಾಡು ಗೆದ್ದರೂ ಹಾಡಿದವನು ಗೆದ್ದ ಅಂತ ಅರ್ಥ ಅಲ್ಲ. ನಡುವೆ ಒಂದು ಕಾಗದ ಇರುತ್ತದೆ. ಆ ಕಾಗದ ಓದಬೇಕು.

ಈ ಉದ್ದಿಮೆಯ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅನ್ನೋದನ್ನೂ ನೋಡಿ. ಮೂಕಿ ಚಿತ್ರಗಳ ಕಾಲದಲ್ಲಿ ಮಲಯಾಳದ ಮೊದಲ ಚಿತ್ರದಲ್ಲಿ ನಾಯಕಿಯಾದವಳು ಪಿ.ಕೆ. ರೋಸಿ ಅನ್ನೋ ದಲಿತ ಹೆಣ್ಣು. ನಾಯರ್ ಹೆಂಗಸಿನ ಪಾತ್ರ ಮಾಡಿದಳು ಅಂತ ಪರದೆಗೆ ಕಲ್ಲು ಬಿತ್ತು, ಅವಳು ಊರು ಬಿಟ್ಟು ಓಡಬೇಕಾಯಿತು. ಈಗ ಕಲ್ಲು ಬೇಕಾಗಿಲ್ಲ. ಈ ಉದ್ದಿಮೆಯಲ್ಲಿ ಮೀಸಲಾತಿ ಇಲ್ಲ, ಅರ್ಜಿ ಇಲ್ಲ, ಪರೀಕ್ಷೆ ಇಲ್ಲ. ಇರೋದು 'ನಮ್ಮ ಹುಡುಗ' ಅನ್ನೋ ಒಂದೇ ಅರ್ಹತೆ. ಜೊತೆಗೆ ಇಂಟರ್ನ್‌ಶಿಪ್ ಅಂತ ಇನ್ನೊಂದು ಬಂದಿದೆ. ಆರು ತಿಂಗಳು ಸಂಬಳ ಇಲ್ಲದೆ ಬೆಂಗಳೂರಿನಲ್ಲಿ ದುಡಿ, 'ಎಕ್ಸ್‌ಪೋಸರ್' ಸಿಗುತ್ತೆ ಅಂತಾರೆ. ಬಾಡಿಗೆ ಯಾರು ಕಟ್ಟಬೇಕು? ಇಂಗ್ಲಿಷ್ ಹೆಸರು ಇಟ್ಟುಕೊಂಡರೂ ಬಿಟ್ಟಿ ಚಾಕರಿ ಬಿಟ್ಟಿ ಚಾಕರಿಯೇ.

ಆದರೂ ಬಾಗಿಲು ಒಡೆದವರಿದ್ದಾರೆ. ನಾಗರಾಜ ಮಂಜುಳೆಯವರು 2013ರಲ್ಲಿ 'ಫಂಡ್ರಿ' ಮಾಡಿದರು, 2016ರಲ್ಲಿ 'ಸೈರಾಟ್' ಮಾಡಿದರು. ಆ ಮರಾಠಿ ಚಿತ್ರವನ್ನು ಕನ್ನಡದಲ್ಲೂ ಮತ್ತೆ ತೆಗೆದರು. ಪಾ. ರಂಜಿತ್ ಅವರು ತಾವು ಚಿತ್ರ ಮಾಡಿದ್ದಷ್ಟೇ ಅಲ್ಲ, ನೀಲಂ ಅಂತ ಸ್ವಂತ ಸಂಸ್ಥೆ ಕಟ್ಟಿ 2018ರಲ್ಲಿ ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' ಹೊರತಂದರು. ಒಬ್ಬ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ, ಹಿಂದಿದ್ದವನಿಗೆ ಹಿಡಿದು ನಿಂತರು. ಈ ಗುಣವನ್ನು ನಮ್ಮ ಕನ್ನಡದ ಹುಡುಗರು ಕಲಿಯಬೇಕು.

ಭವಿಷ್ಯ ಅಂದರೆ ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ಕೇಳಿದರೆ ಹಾಡು ಬರೆಯುತ್ತದೆ, ದನಿ ನಕಲು ಮಾಡುತ್ತದೆ, ಚಿತ್ರ ಬಿಡಿಸುತ್ತದೆ. ಈ ಯಂತ್ರ ಆಕಾಶದಿಂದ ಬಿದ್ದದ್ದಲ್ಲ. ಲಕ್ಷಾಂತರ ಜನ ಬರೆದದ್ದನ್ನು, ಹಾಡಿದ್ದನ್ನು ನುಂಗಿ ಬೆಳೆದದ್ದು. ನುಂಗಿದ್ದಕ್ಕೆ ಬೆಲೆ ಕೊಡಬೇಕೋ ಬೇಡವೋ ಅನ್ನೋದೇ ಈಗ ಲೋಕದ ಜಗಳ. 2023ರಲ್ಲಿ ಹಾಲಿವುಡ್‌ನ ಸುಮಾರು 11,500 ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿದರು. ಅವರ ಜೊತೆ ನಟರೂ ಇಳಿದು 118 ದಿನ ಕೆಲಸ ನಿಲ್ಲಿಸಿದರು. ಯಂತ್ರವನ್ನು ತೋರಿಸಿ ನಮ್ಮ ಕೂಲಿ ಕಡಿಮೆ ಮಾಡಬೇಡಿ, ನಮ್ಮ ಮುಖ ದನಿಗಳನ್ನು ಕೇಳದೆ ನಕಲು ಮಾಡಬೇಡಿ ಅಂತ ಒಪ್ಪಂದದಲ್ಲಿ ಬರೆಸಿಕೊಂಡೇ ಎದ್ದರು. ನಮ್ಮ ದೇಶದಲ್ಲಿ 2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಸಮಿತಿ ಕರಡು ಹೊರಡಿಸಿತು. ಕಂಪೆನಿಗಳು ಕೃತಿಗಳನ್ನು ಬಳಸಲಿ, ಆದರೆ ಕಡ್ಡಾಯವಾಗಿ ರಾಯಧನ ಕಟ್ಟಲಿ, ಅದನ್ನು ಒಂದು ಸಂಸ್ಥೆ ವಸೂಲಿ ಮಾಡಿ ಹಂಚಲಿ ಅಂತ ಅದರ ಸಲಹೆ. ಹಂಚುವಾಗ ಯಾರಿಗೆ ಹಂಚುತ್ತಾರೆ? ಪಟ್ಟಿಯಲ್ಲಿ ಹೆಸರಿದ್ದವರಿಗೆ. ಹೆಸರಿಲ್ಲದ ನಮ್ಮ ಅಜ್ಜಿಗೆ? ಮತ್ತೆ ಅದೇ ಪಹಣಿಯ ಪ್ರಶ್ನೆ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಯಂತ್ರ ಕಲಿಯೋದು ಅಚ್ಚಾದದ್ದರಿಂದ. ಅಚ್ಚಾದ ಕನ್ನಡದಲ್ಲಿ ಕೇರಿಯ ಕನ್ನಡ ಎಷ್ಟಿದೆ? ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರು ಬಂದು ಆ ಬಾಗಿಲನ್ನು ಒಡೆದು ಐವತ್ತು ವರ್ಷವಾಯಿತಷ್ಟೆ. ಅದಕ್ಕೆ ಹಿಂದಿನ ನೂರಾರು ವರ್ಷದ ನಮ್ಮ ಮಾತು ಗಾಳಿಯಲ್ಲಿ ಹೋಯಿತು. ನಾವು ಈಗಲೂ ಬರೆಯದಿದ್ದರೆ, ನಾಳೆ ಯಂತ್ರ ನಮ್ಮ ಬಗ್ಗೆ ಮಾತಾಡುವಾಗ ಅಗ್ರಹಾರದ ಬಾಯಿಂದಲೇ ಮಾತಾಡುತ್ತದೆ. ಬರೆದರೆ ಕದಿಯುತ್ತಾರೆ, ಬರೆಯದಿದ್ದರೆ ಇಲ್ಲವಾಗುತ್ತೇವೆ. ಇದಕ್ಕೆ ಉತ್ತರ ಬಾಯಿ ಮುಚ್ಚಿಕೊಳ್ಳೋದಲ್ಲ. ಬರೆಯಬೇಕು, ಹೆಸರು ಹಾಕಿ ಬರೆಯಬೇಕು, ಬೆಲೆ ಕೇಳಬೇಕು.

ಹಾಗಾದರೆ ನಾವು ಮಾಡಬೇಕಾದ್ದೇನು? ಭಾಷಣ ಕೇಳಿ ಚಪ್ಪಾಳೆ ಹೊಡೆದು ಊಟಕ್ಕೆ ಹೋಗುವುದು ಬೇಡ. ಐದು ಕೆಲಸ ಹೇಳುತ್ತೇವೆ.

ಒಂದು. ರಜಕ್ಕೆ ಊರಿಗೆ ಹೋದಾಗ ಒಂದು ನೋಟುಬುಕ್ಕು, ಒಂದು ಮೊಬೈಲು ಸಾಕು. ಕೇರಿಯಲ್ಲಿ ಹಾಡುವವರು, ನುಡಿಸುವವರು, ಕಥೆ ಹೇಳುವವರು ಯಾರು ಅಂತ ಪಟ್ಟಿ ಮಾಡಿ. ಅವರ ಒಪ್ಪಿಗೆ ಕೇಳಿ ಹಿಡಿದಿಡಿ. ಹಾಡಿದವರ ಹೆಸರು, ಊರು, ದಿನಾಂಕ ಬರೆಯಿರಿ. ಮೊದಲು ಅವರಿಗೇ ಕೇಳಿಸಿ, ಒಂದು ಪ್ರತಿ ಅವರ ಮನೆಯಲ್ಲೇ ಇಡಿ. ನಾಳೆ ಕೋರ್ಟಿಗೆ ಹೋದರೆ ನಿಲ್ಲುವುದು ಈ ದಾಖಲೆಯೇ.

ಎರಡು. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ, ಹಾಕಿಸಬೇಡಿ. ಹಕ್ಕನ್ನೆಲ್ಲ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಅನ್ನೋ ಸಾಲು ಕಂಡರೆ ಪೆನ್ನು ಕೆಳಗಿಡಿ. ಸಿನಿಮಾಕ್ಕೆ, ರೆಕಾರ್ಡಿಗೆ ಹಾಡು ಬರೆದವರು, ರಾಗ ಹಾಕಿದವರು ರಾಯಧನದ ಪಾಲನ್ನು ಕಂಪೆನಿಗೆ ಬಿಟ್ಟುಕೊಡುವ ಹಾಗೇ ಇಲ್ಲ, ಬರೆದುಕೊಟ್ಟರೂ ಅದು ನಿಲ್ಲೋದಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತದೆ. ಅದೇ ನಮ್ಮ ಹಾಡಿನ ಪಿಟಿಸಿಎಲ್. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿಕೊಟ್ಟರೆ ದೊಡ್ಡ ಉಪಕಾರ.

ಮೂರು. ಪಟ್ಟಿಗಳಲ್ಲಿ ಹೆಸರು ಸೇರಿಸಿ. ಜಿಐ ಪಟ್ಟಿಯ ಮಾತು ಆಗಲೇ ಹೇಳಿದೆವು. 2024ರಲ್ಲಿ ನಮ್ಮ ರಾಜ್ಯ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಕಾಯ್ದೆ ಮಾಡಿತು. ಸಿನಿಮಾ ಟಿಕೆಟ್ಟು, ಚಂದಾ ಶುಲ್ಕಗಳ ಮೇಲೆ ಶೇ. 1ರಿಂದ 2ರ ತನಕ ಸೆಸ್ಸು ಹಾಕಿ ಕಲಾವಿದರಿಗೆ, ಕಾರ್ಮಿಕರಿಗೆ ನಿಧಿ ಮಾಡಬೇಕು ಅಂತ ಅದರಲ್ಲಿದೆ. ಆ ನೋಂದಣಿಯಲ್ಲಿ ಗಾಂಧಿನಗರದವರ ಹೆಸರಷ್ಟೇ ಇದ್ದು ತಮಟೆಯವರು, ತೊಗಲು ಗೊಂಬೆಯವರು, ಬುಡ್ಗ ಜಂಗಮರು ಹೊರಗೆ ಉಳಿದರೆ ತಪ್ಪು ಕೇಳದಿದ್ದ ನಮ್ಮದೂ ಆಗುತ್ತದೆ.

ನಾಲ್ಕು. ಒಬ್ಬೊಬ್ಬರೇ ಹೋಗಬೇಡಿ. ತಂಡ ಮಾಡಿ, ಸಹಕಾರ ಸಂಘ ಮಾಡಿ, ದರಪಟ್ಟಿ ಅಚ್ಚು ಹಾಕಿಸಿ. ಒಂದು ಊರಿನ ತಂಡ ಕಡಿಮೆ ದುಡ್ಡಿಗೆ ಒಪ್ಪಿಕೊಂಡು ಪಕ್ಕದ ಊರಿನ ತಂಡದ ಹೊಟ್ಟೆ ಹೊಡೆಯಬಾರದು. 2023ರಲ್ಲಿ ಹಂಪಿಯ ಜಿ20 ಸಭೆಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ಹೆಂಗಸರು ಒಟ್ಟಿಗೆ ಕೂತು ದಾಖಲೆ ಮಾಡಬಹುದಾದರೆ, ಒಟ್ಟಿಗೆ ಕೂತು ದರವನ್ನೂ ಹೇಳಬಹುದು.

ಐದು. ಹಾಡು ಕಟ್ಟುವುದರ ಜೊತೆಗೆ ಲೆಕ್ಕ ಇಡುವುದನ್ನು, ಕ್ಯಾಮೆರಾ ಹಿಡಿಯುವುದನ್ನು, ಎಡಿಟಿಂಗ್ ಮಾಡುವುದನ್ನು, ಪುಟ ವಿನ್ಯಾಸವನ್ನು ಕಲಿಯಿರಿ. ವೇದಿಕೆಯ ಮೇಲೆ ನಾವು, ಗಲ್ಲಾಪೆಟ್ಟಿಗೆಯಲ್ಲಿ ಅವರು ಅನ್ನೋ ಕಾಲ ಮುಗಿಯಬೇಕು. ಹಾಸ್ಟೆಲಿನ ಕಂಪ್ಯೂಟರ್ ಕೆಟ್ಟು ಕೂತಿದ್ದರೆ ವಾರ್ಡನ್ನರಿಗೆ ಅರ್ಜಿ ಕೊಡಿ, ತಾಲ್ಲೂಕು ಅಧಿಕಾರಿಗೆ ಕೊಡಿ, ಕಚೇರಿ ಮುಂದೆ ಕೂರಿ.

ಹಣ ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ಹೊರಡಿಸಿದಾಗ ಅವರ ಕೈಯಲ್ಲೂ ಹಣ ಇರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. 'ಕೇಸರಿ' ಪತ್ರಿಕೆ ದುಡ್ಡು ಕೊಡುತ್ತೇವೆ ಅಂದರೂ ಮೂಕನಾಯಕದ ಜಾಹೀರಾತು ಹಾಕಲಿಲ್ಲ. ಆದರೂ ಪತ್ರಿಕೆ ಹೊರಬಂತು. ಮಾತಿಲ್ಲದವರ ಪತ್ರಿಕೆ ಅಂತ ಹೆಸರಿಟ್ಟುಕೊಂಡು ಬಂದದ್ದು ಇಡೀ ದೇಶಕ್ಕೆ ಮಾತು ಕಲಿಸಿತು. ಕೊಲ್ಹಾಪುರ ನಮಗೆ ಕೊಟ್ಟದ್ದು ಚಪ್ಪಲಿಯ ಹೆಸರು ಮಾತ್ರ ಅಲ್ಲ ಗೆಳೆಯರೆ.

ಮುಂದಿನ ಶಿಬಿರಕ್ಕೆ ಬರುವಾಗ ಒಬ್ಬೊಬ್ಬರೂ ನಿಮ್ಮ ಕೇರಿಯ ಪಟ್ಟಿ ತನ್ನಿ. ಅದರಲ್ಲಿ ಹತ್ತು ಹೆಸರಿರಲಿ, ಎರಡೇ ಹೆಸರಿರಲಿ. ಹೆಸರಿನ ಮುಂದೆ 'ತಮಟೆ' ಅಂತ, 'ಸೋಬಾನೆ' ಅಂತ, 'ಚಪ್ಪಲಿ' ಅಂತ ನಾಚಿಕೆಯಿಲ್ಲದೆ ಬರೆಯಿರಿ. ಮೊದಲ ಹೆಸರು ನಿಮ್ಮ ಅವ್ವನದೇ ಇರಲಿ.

ಜೈಭೀಮ್.